ಎರಡನೆಯ ನಳಿಗೆ ಹೊತ್ತವನು

ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಹಬ್ಬವಾದ ಕೈಲ್ ಮುಹೂರ್ತಕ್ಕೆ ಎರಡು ದಿನ ಇರುವಾಗ ಜಗಲಿಯಲ್ಲಿ ಹಳೆಯ ಪತ್ರಿಕೆ ಹಾಸಿ, ಕೋವಿ ಬಿಚ್ಚಿಕೊಂಡು ಕೂರುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಮೂರ್ನಾಡಿನ ಕಡೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ನಾಟಿ ಮುಗಿದಿರುತ್ತದೆ, ಬೇಲಿಯ ಮೇಲೆ ತೋಕ್ ಪೂ ಕೆಂಪು ಹಳದಿಯಾಗಿ ಅರಳಿರುತ್ತದೆ. ಮೂರು ತಿಂಗಳ ತೇವ ನಳಿಗೆಯೊಳಗೆ ಕೂತು ಸಣ್ಣ ಸಣ್ಣ ತುಕ್ಕಿನ ಚುಕ್ಕೆ ಹಿಡಿದಿರುತ್ತದೆ. ಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಒಳಮೈ ಕನ್ನಡಿಯಂತೆ ಹೊಳೆಯುವವರೆಗೆ ನನಗೆ ಸಮಾಧಾನವಿಲ್ಲ.

ಈ ಸಲ ಪಕ್ಕದಲ್ಲಿ ಮೊಮ್ಮಗ ಕೂತಿದ್ದ. ಮೈಸೂರಿನಲ್ಲಿ ಒಂಬತ್ತನೆಯ ತರಗತಿ. ನಮ್ಮ ಜೋಡಿನಳಿಗೆ ಕೋವಿಯ ಜೊತೆಗೆ ಇರುವ ಚರ್ಮದ ತೋಟೆ ಪಟ್ಟಿಯನ್ನು ಕೈಗೆತ್ತಿಕೊಂಡು ಎಣಿಸಿದ. ಕುಣಿಕೆ 25, ತೋಟೆ 23.

‘ಅಜ್ಜ, ಎರಡು ಎಲ್ಲಿ ಬಿದ್ದುಹೋಯಿತು?’

ಬಿದ್ದುಹೋಗಿಲ್ಲ ಎಂದೆ. ಆ ಎರಡು ಕುಣಿಕೆಗಳಿಗೆ ನನ್ನ ನೆನಪಿನಲ್ಲಿ ಎಂದೂ ತೋಟೆ ಹಾಕಿಲ್ಲ. ನನ್ನ ಅಪ್ಪ ಹಾಕುತ್ತಿರಲಿಲ್ಲ, ನಾನೂ ಹಾಕುವುದಿಲ್ಲ. ಚರ್ಮದ ಪಟ್ಟಿಗೆ ಪೂರ್ತಿ ತುಂಬಿದರೆ ಆಗುವ ನಷ್ಟ ಯಾವುದೂ ಇಲ್ಲ. ಅದು ಸೈನ್ಯದ ಬ್ರೆನ್ ಎಂಬ ಹಗುರ ಮೆಷಿನ್ ಗನ್ನಿನಿಂದ ಅಪ್ಪ ಮನೆಗೆ ತಂದ ಅಭ್ಯಾಸ.

ಅಪ್ಪ 1944ರಲ್ಲಿ ಸೈನ್ಯಕ್ಕೆ ಸೇರಿದವರು, 1948ರಲ್ಲಿ ಕಾಶ್ಮೀರದಲ್ಲಿದ್ದವರು. ನಾನು 1976ರಲ್ಲಿ ಸೇರಿ 2000ದಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ನಡುವೆ ಕೆಲವು ವರ್ಷ ಹೊಸಬರಿಗೆ ಆಯುಧ ತರಬೇತಿ ಕೊಡುವ ಉಸ್ತಾದನಾಗಿದ್ದೆ. ತಂದೆ ಮಗ ಇಬ್ಬರ ಕೈಯಲ್ಲೂ ಇದ್ದದ್ದು ಹೆಚ್ಚುಕಡಿಮೆ ಒಂದೇ ಆಯುಧ. ಅವರ ಕಾಲದಲ್ಲಿ ಅದು .303 ಬೋರಿನ ಬ್ರೆನ್. ನನ್ನ ಕಾಲಕ್ಕೆ ಅದನ್ನೇ 7.62 ಮಿ.ಮೀ. ಗುಂಡಿಗೆ ಹೊಂದಿಸಿ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ ತಯಾರಿಸುತ್ತಿದ್ದರು. ನಾವು ಅದನ್ನು ‘ಒನ್ ಬಿ’ ಎನ್ನುತ್ತಿದ್ದೆವು, ಇಲ್ಲವೇ ಲೈಟ್ ಮೆಷಿನ್ ಗನ್ ಎಂಬುದನ್ನು ಚುಟುಕಾಗಿಸಿ ಬರೀ ಎಲ್‌ಎಂಜಿ.

ಮೊಮ್ಮಗನಿಗೆ ಎಲ್‌ಎಂಜಿ ಗೊತ್ತು, ಮೊಬೈಲಿನ ಆಟದಿಂದ. ಅಲ್ಲಿ ಅದಕ್ಕೆ 100 ಗುಂಡು, 200 ಗುಂಡು. ಬೆರಳು ಒತ್ತಿ ಹಿಡಿದರೆ ಮುಗಿಯುವವರೆಗೂ ಹೊಡೆಯುತ್ತಲೇ ಇರುತ್ತದೆ. ನಿಮ್ಮದರಲ್ಲಿ ಎಷ್ಟಿತ್ತು ಎಂದು ಕೇಳಿದ. ಮ್ಯಾಗಜೀನಿನಲ್ಲಿ 30 ಹಿಡಿಯುತ್ತಿತ್ತು, ನಾವು ತುಂಬುತ್ತಿದ್ದದ್ದು 28 ಎಂದೆ. ಅವನ ಮುಖದಲ್ಲಿ ನಿರಾಸೆ ಕಂಡಿತು. ಅಷ್ಟು ಕಡಿಮೆಯೇ, ಅದರಲ್ಲೂ ಎರಡು ಬಿಟ್ಟು?

ನಾನು ಎಣ್ಣೆ ಬಟ್ಟೆ ಕೆಳಗಿಟ್ಟೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡದೆ ಬಿಟ್ಟರೆ ಆ ಹುಡುಗನ ಮುತ್ತಜ್ಜನಿಗೆ ಅನ್ಯಾಯ ಮಾಡಿದ ಹಾಗೆ ಎಂದು ನನಗೆ ಅನ್ನಿಸಿತು. ಅಂದು ಸಂಜೆಯವರೆಗೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೊಡಗಿನಲ್ಲಿ ಮನೆಗೊಬ್ಬ ಮಾಜಿ ಸೈನಿಕ ಸಿಗುತ್ತಾನೆ, ಆದರೆ ಗನ್ ಹೊಡೆಯುವ ‘ನಂಬರ್ ಒನ್’ನ ಪಕ್ಕದಲ್ಲಿದ್ದು ಮ್ಯಾಗಜೀನ್, ನಳಿಗೆ ಬದಲಾಯಿಸಿಕೊಡುವ ‘ನಂಬರ್ ಟೂ’ ಆಗಿದ್ದವರ ಬಗ್ಗೆ ಬರೆದವರು ಕಡಿಮೆ.

ಮೊದಲು ಆ ಎರಡು ಗುಂಡಿನ ವಿಷಯ. ಮ್ಯಾಗಜೀನ್ ಎಂದರೆ ತಗಡಿನ ಡಬ್ಬಿ, ಒಳಗೊಂದು ಸ್ಪ್ರಿಂಗ್, ಸ್ಪ್ರಿಂಗಿನ ತುದಿಯಲ್ಲಿ ಗುಂಡನ್ನು ತಳ್ಳುವ ಹಲಗೆ. ಕೊನೆಯ ಎರಡು ಗುಂಡನ್ನು ಒತ್ತಿ ಸೇರಿಸಿದರೆ ಸ್ಪ್ರಿಂಗ್ ಪೂರ್ತಿ ಮಡಚಿಕೊಂಡು ಬಿಗಿದು ಕೂರುತ್ತದೆ. ಹಾಗೆ ದಿನಗಟ್ಟಲೆ ಇಟ್ಟರೆ ಅದರ ಕಸುವು ಕುಗ್ಗುತ್ತದೆ, ಮೊದಲ ಗುಂಡು ಸಿಕ್ಕಿಹಾಕಿಕೊಳ್ಳುವ ಸಂಭವವೂ ಹೆಚ್ಚು. 28 ತುಂಬಿದರೆ ಸ್ಪ್ರಿಂಗಿಗೆ ಉಸಿರಾಡಲು ಜಾಗ ಇರುತ್ತದೆ. ಅಪ್ಪನ ಕಾಲದ .303 ಗುಂಡಿಗೆ ಇನ್ನೊಂದು ತೊಡಕಿತ್ತು. ಅದರ ಬುಡದಲ್ಲಿ ಹೊರಕ್ಕೆ ಚಾಚಿದ ಅಂಚು ಇರುತ್ತದೆ. ಒಂದರ ಮೇಲೊಂದು ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದಕ್ಕಿಂತ ಮುಂದೆ ಇರಲೇಬೇಕು. ಒಂದೇ ಒಂದು ಹಿಂದೆಮುಂದಾದರೂ ಅಂಚಿಗೆ ಅಂಚು ಸಿಕ್ಕಿ ಬಂದೂಕು ನಿಂತುಬಿಡುತ್ತದೆ. ಬ್ರೆನ್ ಮ್ಯಾಗಜೀನು ಬಾಳೆಹಣ್ಣಿನಂತೆ ಬಾಗಿರುವುದು ಆ ಅಂಚಿನಿಂದಲೇ. ಅಂಚಿಲ್ಲದ 7.62 ಗುಂಡು ಬಂದ ಮೇಲೆ ನಮ್ಮ ಮ್ಯಾಗಜೀನು ಬಹುಮಟ್ಟಿಗೆ ನೆಟ್ಟಗಾಯಿತು.

ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ, ಆ ಅಂಚುಗಳನ್ನು ಮುಟ್ಟಿ ಮುಟ್ಟಿ ತುಂಬುತ್ತಿದ್ದವರು ನಂಬರ್ ಟೂ. ಅಪ್ಪ ಮುಪ್ಪಿನಲ್ಲಿ ರೇಡಿಯೊ ಕೇಳುತ್ತಾ ಕೂತಾಗಲೂ ಅವರ ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಸುಮ್ಮನೆ ಜಾರುತ್ತಿರುತ್ತಿತ್ತು. ನಾನು ಸೈನ್ಯಕ್ಕೆ ಸೇರಿ ಮೊದಲ ಮ್ಯಾಗಜೀನ್ ತುಂಬಿದ ದಿನ ಆ ಚಲನೆ ಏನೆಂದು ನನಗೆ ತಿಳಿಯಿತು.

ಇನ್ನು 30 ಏಕೆ, 200 ಏಕಲ್ಲ? ಪತ್ರಿಕೆಯ ಅಂಚಿನಲ್ಲೇ ಲೆಕ್ಕ ಬರೆದು ತೋರಿಸಿದೆ. ಬ್ರೆನ್ ನಿಮಿಷಕ್ಕೆ ಸುಮಾರು 500 ಗುಂಡು ಹೊಡೆಯುವ ವೇಗದ್ದು. ಕುದುರೆ, ಎಂದರೆ ಟ್ರಿಗರ್, ಒತ್ತಿ ಹಿಡಿದರೆ 30 ಗುಂಡು ಮೂರೂವರೆ ಸೆಕೆಂಡಿನಲ್ಲಿ ಖಾಲಿ. ಆದರೆ ಯಾರೂ ಹಾಗೆ ಹೊಡೆಯುವುದಿಲ್ಲ, ಹೊಡೆಯಲು ಬಿಡುವುದೂ ಇಲ್ಲ. ನಾಲ್ಕು ಐದು ಗುಂಡು, ಬೆರಳು ಸಡಿಲ, ಮತ್ತೆ ಗುರಿ, ಮತ್ತೆ ನಾಲ್ಕು ಐದು. ಸಾಮಾನ್ಯ ವೇಗವೆಂದರೆ ನಿಮಿಷಕ್ಕೆ ಒಂದು ಮ್ಯಾಗಜೀನ್. ಶತ್ರು ಮೈಮೇಲೆ ಬಂದಾಗಿನ ಅವಸರದ ವೇಗವೆಂದರೆ ನಿಮಿಷಕ್ಕೆ ನಾಲ್ಕು. ಆ ಅವಸರದ ವೇಗದಲ್ಲಿ ಹತ್ತು ಮ್ಯಾಗಜೀನ್ ಹೊಡೆದ ಮೇಲೆ ನಳಿಗೆ ಬದಲಾಯಿಸಬೇಕು. ಎರಡೂವರೆ ನಿಮಿಷಕ್ಕೆ ಒಂದು ನಳಿಗೆ! ಹುಡುಗ ಮೊದಲ ಸಲ ಮೊಬೈಲ್ ಮರೆತು ನನ್ನ ಮುಖ ನೋಡಿದ. ನಳಿಗೆಯನ್ನು ಬದಲಾಯಿಸುತ್ತಾರೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಗುಂಡಿನ ಮದ್ದು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಗುಂಡನ್ನು ತಳ್ಳುತ್ತದೆ. ಹೆಚ್ಚುಕಡಿಮೆ ಅಷ್ಟೇ ಇನ್ನೊಂದು ಪಾಲು ಶಾಖವಾಗಿ ನಳಿಗೆಯ ಉಕ್ಕಿಗೆ ಇಳಿಯುತ್ತದೆ. ನಮ್ಮ ಜೋಡಿನಳಿಗೆ ಕೋವಿಗೆ ಇದರ ಚಿಂತೆ ಇಲ್ಲ. ಪುತ್ತರಿಗೆ ಕದಿರು ತೆಗೆಯುವಾಗ ಒಂದು ಈಡು, ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು, ಕೈಲ್ ಮುಹೂರ್ತಕ್ಕೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಒಂದೆರಡು. 1972ರ ವನ್ಯಜೀವಿ ಕಾಯ್ದೆಯ ನಂತರ ಅದರ ಬದುಕೇ ಅಷ್ಟು. ಮೆಷಿನ್ ಗನ್ನಿನ ನಳಿಗೆಗೆ ಒಂದು ಗುಂಡಿನ ಶಾಖ ಆರುವ ಮೊದಲೇ ಮುಂದಿನದು ಬಂದು ಬೀಳುತ್ತದೆ. ಉಕ್ಕು ಹಿಗ್ಗುತ್ತದೆ, ಮೆದುವಾಗುತ್ತದೆ. ಗುಂಡನ್ನು ತಿರುಗಿಸುವ ಒಳಗಿನ ಗೆರೆಗಳು ಸವೆಯುತ್ತವೆ. ಆಮೇಲೆ ಗುಂಡು ಎಲ್ಲಿ ಹೋಗಿ ಬೀಳುತ್ತದೆ ಎಂದು ಹೇಳುವಂತಿಲ್ಲ. ನಳಿಗೆಯ ಹಿಂಭಾಗ ಮಿತಿ ಮೀರಿ ಕಾದರೆ ಅಲ್ಲಿ ಕೂತ ತೋಟೆ ಕುದುರೆ ಎಳೆಯದೆಯೇ ಸಿಡಿಯಬಹುದು. ಅದಕ್ಕಾಗಿಯೇ ಬ್ರೆನ್ನಿನಲ್ಲಿ ಬೆರಳು ಸಡಿಲಿಸಿದಾಗ ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟ್ ಹಿಂದೆಯೇ ನಿಲ್ಲುತ್ತದೆ. ನಳಿಗೆಯ ಹಿಂಭಾಗ ಖಾಲಿಯಾಗಿ ತೆರೆದಿರುತ್ತದೆ, ಗಾಳಿ ಆಡುತ್ತದೆ.

ಅಷ್ಟು ಹೊತ್ತಿಗೆ ಒಳಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಅಕ್ಕಿ ರೊಟ್ಟಿ ಸುಡುತ್ತಿದ್ದಳು. ಹಬ್ಬಕ್ಕೆ ಬಂದ ಇಷ್ಟು ಜನಕ್ಕೆ ಒಂದೇ ಕಾವಲಿಯಲ್ಲಿ ಆಗುವುದಿಲ್ಲ. ಇಪ್ಪತ್ತು ರೊಟ್ಟಿಯಾದ ಮೇಲೆ ಕಾವಲಿ ಎಷ್ಟು ಕಾದಿರುತ್ತದೆ ಎಂದರೆ ಹಾಕಿದ್ದು ಹಾಕಿದ ಹಾಗೆ ಕರಕಾಗುತ್ತದೆ. ಅವಳು ಅದನ್ನು ಇಳಿಸಿ, ಗೋಡೆಗೆ ಒರಗಿಸಿಟ್ಟ ಇನ್ನೊಂದನ್ನು ಏರಿಸುತ್ತಾಳೆ. ಹೋಗಿ ನೋಡು ಎಂದು ಹುಡುಗನನ್ನು ಕಳಿಸಿದೆ. ಬಾಯಲ್ಲಿ ಒಂದು ರೊಟ್ಟಿ ಇಟ್ಟುಕೊಂಡು ಬಂದು, ಅರ್ಥವಾಯಿತು ಎಂದ.

ಈಗ ಮುಖ್ಯ ಮಾತು. ಮ್ಯಾಗಜೀನಿನ ಅಳತೆ ಬೇರೆ ವಿಷಯ, ನಳಿಗೆ ಬದಲಾವಣೆ ಬೇರೆ ವಿಷಯ ಎಂದು ಬಹಳ ಜನ ತಿಳಿದಿದ್ದಾರೆ. ನಾನು ಕಲಿಸಿದ ಹುಡುಗರೂ ಹಾಗೆಯೇ ತಿಳಿದು ಬರುತ್ತಿದ್ದರು. ಅವೆರಡೂ ಒಂದೇ ಲೆಕ್ಕದ ಎರಡು ಕಡೆಗಳು. 28 ಗುಂಡಿಗೆ ಒಮ್ಮೆ ಬಂದೂಕು ನಿಲ್ಲುತ್ತದೆ. ನಂಬರ್ ಟೂ ಖಾಲಿ ಮ್ಯಾಗಜೀನ್ ಕಿತ್ತು ಹೊಸದು ಕೂರಿಸುವ ಆ ಎರಡು ಮೂರು ಸೆಕೆಂಡು ನಳಿಗೆಗೂ ಬಿಡುವು, ನಂಬರ್ ಒನ್‌ನ ಕಣ್ಣಿಗೂ ಬಿಡುವು. ಮ್ಯಾಗಜೀನ್ ಚಿಕ್ಕದಾದದ್ದರಿಂದ ನಳಿಗೆ ಹತ್ತು ಮ್ಯಾಗಜೀನ್ ತಡೆಯುತ್ತದೆ. ಅದೇ ನಳಿಗೆಗೆ ಗುಂಡುಗಳನ್ನು ಸಾಲಾಗಿ ಜೋಡಿಸಿದ ಉದ್ದನೆಯ ಬೆಲ್ಟ್ ಕೊಟ್ಟು ನೋಡಿ. ಹೆದರಿದ ಹುಡುಗ ಕತ್ತಲಲ್ಲಿ ಬೆರಳು ಎತ್ತುವುದೇ ಇಲ್ಲ.

ಇದನ್ನು ಒಬ್ಬೊಬ್ಬ ದೇಶದವರು ಒಂದೊಂದು ಬಗೆಯಲ್ಲಿ ಬಿಡಿಸಲು ನೋಡಿದರು. ಮೊದಲ ಮಹಾಯುದ್ಧದ ಲೂಯಿಸ್ ಗನ್ನಿಗೆ ತಟ್ಟೆಯಂಥ ಮ್ಯಾಗಜೀನು, 47 ಗುಂಡು. ನಳಿಗೆ ಬದಲಾಯಿಸುವಂತಿರಲಿಲ್ಲ, ಅದರ ಸುತ್ತ ಅಲ್ಯೂಮಿನಿಯಂ ರೆಕ್ಕೆಗಳನ್ನು ಕೂರಿಸಿ ದಪ್ಪನೆಯ ಕೊಳವೆ ಹೊದಿಸಿದ್ದರು. ವಿಕರ್ಸ್ ಮೆಷಿನ್ ಗನ್ನಿಗೆ ನಳಿಗೆಯ ಸುತ್ತ ಸುಮಾರು 4 ಲೀಟರ್ ನೀರು. ಅದು ಗಂಟೆಗಟ್ಟಲೆ ಹೊಡೆಯುತ್ತಿತ್ತು, ಆದರೆ ಒಬ್ಬನು ಹೆಗಲ ಮೇಲೆ ಹಾಕಿಕೊಂಡು ಗುಡ್ಡ ಹತ್ತುವ ಆಯುಧವಲ್ಲ. ಅಮೆರಿಕದವರ ಬ್ರೌನಿಂಗ್ ಆಟೋಮ್ಯಾಟಿಕ್ ರೈಫಲ್ಲಿಗೆ 20 ಗುಂಡು, ಬದಲಾಯಿಸಲಾಗದ ನಳಿಗೆ. ಹೊತ್ತು ಓಡುವವನಿಗೆ ಅದು ಒಳ್ಳೆಯದು, ಒಂದು ಜಾಗ ಹಿಡಿದು ನಿಲ್ಲುವವನಿಗೆ ಸಾಲದು ಎಂಬುದು ನನ್ನ ಅಭಿಪ್ರಾಯ. ಜರ್ಮನರ ಎಂಜಿ 42 ನಿಮಿಷಕ್ಕೆ ಸುಮಾರು 1200 ಗುಂಡು ಉಗುಳುತ್ತಿತ್ತು, ಎಂದರೆ ಸೆಕೆಂಡಿಗೆ ಇಪ್ಪತ್ತು. ಅದಕ್ಕೆ ನಮ್ಮ ಮ್ಯಾಗಜೀನ್ ಕೊಟ್ಟರೆ ಒಂದೂವರೆ ಸೆಕೆಂಡಿಗೇ ಖಾಲಿ. ಹಾಗಾಗಿ ಬೆಲ್ಟ್. ಬೆಲ್ಟ್ ಇದ್ದದ್ದರಿಂದ ಇನ್ನೂರರ ಆಸುಪಾಸಿನಲ್ಲೇ ನಳಿಗೆ ಬದಲಾವಣೆ, ಬದಲಾಯಿಸುವವನ ಕೈಗೆ ಆಸ್ಬೆಸ್ಟಾಸ್ ಹಿಡಿಬಟ್ಟೆ. ರಷ್ಯನ್ನರ ಡೆಗ್ಟ್ಯಾರ್ಯೋವ್ ಗನ್ನಿಗೂ 47 ಗುಂಡಿನ ತಟ್ಟೆ. ಅದರ ಮುಖ್ಯ ಸ್ಪ್ರಿಂಗನ್ನು ನಳಿಗೆಯ ಅಡಿಯಲ್ಲೇ ಇಟ್ಟಿದ್ದರಿಂದ ನಳಿಗೆಯ ಶಾಖಕ್ಕೆ ಸ್ಪ್ರಿಂಗ್ ಸತ್ವ ಕಳೆದುಕೊಳ್ಳುತ್ತಿತ್ತು. 1944ರಲ್ಲಿ ತಿದ್ದಿದಾಗ ಅದನ್ನು ಹಿಂದಕ್ಕೆ ಒಯ್ದರು.

ಬ್ರೆನ್ ಹುಟ್ಟಿದ್ದು ಚೆಕ್ ದೇಶದ ಬ್ರನೋ ನಗರದ ಕಾರ್ಖಾನೆಯ ವಿನ್ಯಾಸದಿಂದ. ಬ್ರನೋದ ‘ಬ್ರ್’, ಬ್ರಿಟಿಷರ ಎನ್‌ಫೀಲ್ಡ್ ಕಾರ್ಖಾನೆಯ ‘ಎನ್’ ಸೇರಿ ಬ್ರೆನ್. ಎನ್‌ಫೀಲ್ಡಿನಲ್ಲಿ 1937ರಿಂದ ತಯಾರಾಯಿತು. ನಮ್ಮ ಸೈನ್ಯ 1933ರಲ್ಲೇ ವಿಕರ್ಸ್ ಬರ್ಥಿಯೆ ಎಂಬ ಇನ್ನೊಂದನ್ನು ಒಪ್ಪಿ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಿಸುತ್ತಿತ್ತು. ಅದಕ್ಕೂ ಮೇಲೆ ನಿಲ್ಲುವ 30ರ ಮ್ಯಾಗಜೀನ್, ದೂರದಿಂದ ನೋಡಿದರೆ ಬ್ರೆನ್ನಿನ ತಮ್ಮನಂತೆ ಕಾಣುತ್ತಿತ್ತು. ಅಪ್ಪನ ಹಿರಿಯರು ಅದನ್ನು ‘ವಿಬಿ’ ಎನ್ನುತ್ತಿದ್ದರಂತೆ. ಯುದ್ಧ ಜೋರಾದಾಗ ಇಶಾಪುರದಲ್ಲಿ ಬ್ರೆನ್ನೂ ತಯಾರಾಯಿತು.

ಮ್ಯಾಗಜೀನ್ ಮೇಲೆ ಇರುವುದು ಹುಡುಗನಿಗೆ ವಿಚಿತ್ರವಾಗಿ ಕಂಡಿತು. ನನಗೆ ಅದು ಆ ಗನ್ನಿನ ಅತ್ಯಂತ ಜಾಣತನದ ಭಾಗ. ಕೆಳಗಿದ್ದರೆ ಅಷ್ಟು ಉದ್ದದ ಡಬ್ಬಿ ನೆಲಕ್ಕೆ ತಾಗುತ್ತದೆ, ಹೊಡೆಯುವವನು ತಲೆ ಎತ್ತಬೇಕಾಗುತ್ತದೆ. ಮೇಲಿದ್ದರೆ ಅವನು ನೆಲಕ್ಕೆ ಅಂಟಿಕೊಂಡೇ ಇರಬಹುದು, ಪಕ್ಕದಲ್ಲಿ ಮಲಗಿದವನು ಕೈ ಚಾಚಿ ಬದಲಾಯಿಸಬಹುದು. ಮ್ಯಾಗಜೀನ್ ಕಣ್ಣಿಗೆ ಅಡ್ಡ ಬರುವುದರಿಂದ ಗುರಿ ನೋಡುವ ಸಾಧನವನ್ನು ಎಡಕ್ಕೆ ಸರಿಸಿದ್ದರು. ಇಡೀ ಗನ್ನನ್ನು ಇಬ್ಬರಿಗಾಗಿ ಕಡೆದಿದ್ದಾರೆ. ನಂಬರ್ ಒನ್ ಹಿಂದೆ, ನಂಬರ್ ಟೂ ಎಡಕ್ಕೆ.

ತೂಕವೂ ಹಂಚಿಹೋಗುತ್ತಿತ್ತು. ಗನ್ ಸುಮಾರು 10 ಕಿಲೋ. ತುಂಬಿದ ಒಂದು ಮ್ಯಾಗಜೀನ್ ಒಂದೂಕಾಲು ಕಿಲೋ. ಹೆಚ್ಚುವರಿ ನಳಿಗೆ ಸುಮಾರು 3 ಕಿಲೋ. ಮ್ಯಾಗಜೀನ್ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿ ಹನ್ನೆರಡು ಹಿಡಿಯುತ್ತಿದ್ದವು, ಎತ್ತಿದವನಿಗೇ ಅದರ ಭಾರ ಗೊತ್ತು. ಅಪ್ಪನ ಹಳೆಯ ಫೋಟೋಗಳಲ್ಲಿ ಸಿಪಾಯಿಗಳ ಎದೆಯ ಮೇಲೆ ಕಾಣುವ ಎರಡು ದೊಡ್ಡ ಕ್ಯಾನ್ವಾಸ್ ಚೀಲಗಳನ್ನು ಹುಡುಗನಿಗೆ ತೋರಿಸಿದೆ. 1937ರ ಮಾದರಿಯ ಆ ಚೀಲಗಳ ಅಳತೆಯನ್ನು ನಿಗದಿ ಮಾಡಿದ್ದೇ ಬ್ರೆನ್ ಮ್ಯಾಗಜೀನಿಗೆ ಹೊಂದುವಂತೆ, ಒಂದೊಂದರಲ್ಲಿ ಎರಡೆರಡು. ರೈಫಲ್ ಹಿಡಿದ ಸಿಪಾಯಿಯೂ ತನ್ನ ಗುಂಡಿನ ಜೊತೆಗೆ ಬ್ರೆನ್ನಿನ ಮ್ಯಾಗಜೀನ್ ಹೊರುತ್ತಿದ್ದ. ಸೆಕ್ಷನ್ ಎಂಬ ಆ ಚಿಕ್ಕ ತುಕಡಿಯ ಎಲ್ಲರ ಜೀವ ಆ ಒಂದು ಗನ್ನಿನ ಮೇಲೆ ನಿಂತಿತ್ತು, ಎಲ್ಲರೂ ಅದಕ್ಕೆ ಉಣಿಸುತ್ತಿದ್ದರು.

ನಳಿಗೆ ಬದಲಾವಣೆ ನೋಡಲು ಚೆಂದ. ಬೋಲ್ಟ್ ಹಿಂದೆ, ಮ್ಯಾಗಜೀನ್ ಹೊರಗೆ. ಎಡಗಡೆಯ ಬ್ಯಾರೆಲ್ ನಟ್ಟಿನ ಹಿಡಿಯನ್ನು ಎತ್ತಿದರೆ ನಳಿಗೆ ಸಡಿಲ. ನಳಿಗೆಯ ಮೇಲೆ ಮರದ ಹಿಡಿಕೆಯೊಂದಿದೆ, ಗನ್ ಹೊರುವುದೂ ಅದರಲ್ಲೇ, ಕಾದ ನಳಿಗೆಯನ್ನು ಮುಟ್ಟದೆ ತೆಗೆಯುವುದೂ ಅದರಲ್ಲೇ. ಅದನ್ನು ಹಿಡಿದು ಮುಂದಕ್ಕೆ ಎಳೆದು, ತಣ್ಣನೆಯದನ್ನು ಕೂರಿಸಿ, ನಟ್ ಬಿಗಿದು, ಮ್ಯಾಗಜೀನ್ ಹಾಕಿ, ನಂಬರ್ ಒನ್‌ನ ಹೆಗಲು ತಟ್ಟಬೇಕು. ಪಳಗಿದ ಜೋಡಿಗೆ ಕೆಲವೇ ಸೆಕೆಂಡಿನ ಕೆಲಸ. ನಾನು ಕಲಿಸುವಾಗ ಹುಡುಗರ ಕಣ್ಣಿಗೆ ಬಟ್ಟೆ ಕಟ್ಟಿ ಮಾಡಿಸುತ್ತಿದ್ದೆ.

ಬ್ರೆನ್ನಿನ ಒಂದು ಗುಣವನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಗುರಿಯ ಮುಂದಿನ ಮೊನೆ ಇರುವುದು ನಳಿಗೆಯ ಮೇಲೆ. ಗುಂಡಿನ ಅನಿಲವನ್ನು ಎಷ್ಟು ಬಿಡಬೇಕೆಂದು ನಿಯಂತ್ರಿಸುವ ನಾಲ್ಕು ತೂತಿನ ಗ್ಯಾಸ್ ರೆಗ್ಯುಲೇಟರ್ ಇರುವುದೂ ನಳಿಗೆಯ ಮೇಲೆಯೇ. ಹಾಗಾಗಿ ನಳಿಗೆ ಬದಲಾಯಿಸಿದರೆ ತಣ್ಣನೆಯ ಉಕ್ಕಿನ ಜೊತೆಗೆ ಮಸಿ ಹಿಡಿಯದ ಹೊಸ ಅನಿಲ ದಾರಿಯೂ ಬರುತ್ತದೆ. ಗುರಿ ಕೆಡುವುದಿಲ್ಲ, ಏಕೆಂದರೆ ಆ ನಳಿಗೆಯನ್ನು ಅದರದೇ ಮೊನೆಯಿಂದ ಮೊದಲೇ ಗುರಿಗೆ ಹೊಂದಿಸಿರುತ್ತಾರೆ. ಅವು ಗನ್ನಿನ ಜೊತೆ ಹೊಂದಿಕೊಂಡ ಜೋಡಿ ನಳಿಗೆಗಳು. ಪಕ್ಕದ ಸೆಕ್ಷನ್ನಿನ ನಳಿಗೆ ತಂದು ಹಾಕಿದರೆ ಕೂರುತ್ತದೆ, ಹೊಡೆಯುತ್ತದೆ, ಆದರೆ ಗುಂಡು ನೀವು ನೋಡಿದಲ್ಲಿಗೆ ಹೋಗುವುದಿಲ್ಲ.

ಒಮ್ಮೆ ರೇಂಜಿನಲ್ಲಿ ಇದನ್ನು ಹೊಸಬರಿಗೆ ತೋರಿಸಿದ್ದೆ. ಒಬ್ಬನಿಗೆ ತಡೆಯದೆ ಹೊಡೆ ಎಂದೆ. ಮೊದಲ ಮ್ಯಾಗಜೀನು 200 ಮೀಟರಿನಲ್ಲಿ ಅಂಗೈಯಗಲದಲ್ಲಿ ಗುಂಪಾಗಿ ಬಿತ್ತು. ಎಂಟನೆಯದಕ್ಕೆ ನಳಿಗೆಯ ಮೇಲಿನ ಗಾಳಿ ಬೇಸಿಗೆಯ ಡಾಂಬರು ರಸ್ತೆಯಂತೆ ನಡುಗುತ್ತಿತ್ತು. ಗುರಿಯ ಮೊನೆ ಆ ಬಿಸಿಲ್ಗುದುರೆಯಲ್ಲಿ ತೇಲುತ್ತಿತ್ತು, ಗುಂಡುಗಳು ಹಲಗೆಯ ತುಂಬ ಚದುರಿದವು. ನಳಿಗೆ ಬದಲಾಯಿಸಿದ್ದೇ ತಡ, ಮತ್ತೆ ಅಂಗೈಯಗಲ. ಅವರಲ್ಲಿ ಒಬ್ಬನಿಗೂ ನಾನು ಆಮೇಲೆ ಆ ಪಾಠವನ್ನು ಮತ್ತೆ ಹೇಳಬೇಕಾಗಲಿಲ್ಲ.

ಇಷ್ಟು ತಿಳಿದ ಮೇಲೂ ಜಗತ್ತು ಅದೇ ತಪ್ಪನ್ನು ಮತ್ತೆ ಮಾಡಿದೆ ಎಂಬುದು ನನಗೆ ಬೇಸರದ ಸಂಗತಿ. ಬ್ರೆನ್ನನ್ನು ಜಗತ್ತಿಗೆ ಕೊಟ್ಟ ಬ್ರಿಟಿಷರೇ 1980ರ ದಶಕದಲ್ಲಿ ಎಲ್86 ಎಂಬ ಹಗುರ ಗನ್ನನ್ನು ತಂದರು. 30ರ ಮ್ಯಾಗಜೀನ್, ಬದಲಾಯಿಸಲಾಗದ ನಳಿಗೆ. ರೈಫಲ್ಲಿನಂತೆ ನಿಖರವಾಗಿ ಹೊಡೆಯುತ್ತಿತ್ತಂತೆ, ಆದರೆ ಬಿಡದೆ ಹೊಡೆಯುವ ಕೆಲಸಕ್ಕೆ ಒದಗಲಿಲ್ಲ. ಕೊನೆಗೆ ಬೆಲ್ಟ್ ಹಾಕುವ, ನಳಿಗೆ ಬದಲಾಯಿಸುವ ಮಿನಿಮಿಯನ್ನು ಕೊಳ್ಳಬೇಕಾಯಿತು. ರಷ್ಯನ್ನರ ಆರ್‌ಪಿಕೆ ಗನ್ನಿಗೆ 40ರ ಮ್ಯಾಗಜೀನು, 75ರ ಡ್ರಮ್ಮು ಇವೆ, ನಳಿಗೆ ಮಾತ್ರ ಅಲುಗುವುದಿಲ್ಲ. ಗುಂಡು ಹೆಚ್ಚು ಕೊಟ್ಟು ನಳಿಗೆಗೆ ಬಿಡುವು ಕೊಡದಿದ್ದರೆ ಏನು ಪ್ರಯೋಜನ ಎಂಬುದು ಉಸ್ತಾದನಾಗಿ ನನ್ನ ಪ್ರಶ್ನೆ. ಹೊರುವವನಿಗೆ ಹಗುರ, ಕಲಿಯುವವನಿಗೆ ಸುಲಭ ಎಂದು ಅದರ ಪರ ಮಾತನಾಡುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ, ಆದರೆ ರಾತ್ರಿಯಿಡೀ ಒಂದು ದಿಬ್ಬ ಹಿಡಿದು ನಿಲ್ಲಬೇಕಾದವನ ಕಡೆಯಿಂದ ನೋಡಿದಾಗ ಅದು ಸಾಕಾಗುವುದಿಲ್ಲ.

ನನ್ನ ಕೊನೆಯ ವರ್ಷಗಳಲ್ಲಿ 5.56ರ ಇನ್ಸಾಸ್ ಎಲ್‌ಎಂಜಿ ಬಂತು, ಅದಕ್ಕೂ 30ರ ಮ್ಯಾಗಜೀನ್. 2020ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಸುಮಾರು 880 ಕೋಟಿ ರೂಪಾಯಿಗೆ ಇಸ್ರೇಲಿನ 16,479 ನೆಗೆವ್ ಗನ್ನುಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. 7.62ರ ಗುಂಡು, ಬೆಲ್ಟ್, ಬದಲಾಯಿಸಬಹುದಾದ ನಳಿಗೆ. ಆ ಸುದ್ದಿ ಪತ್ರಿಕೆಯಲ್ಲಿ ಓದಿದ ದಿನ ನಾನು ಮಡಿಕೇರಿಯಲ್ಲಿದ್ದೆ. ಸುದ್ದಿಯಲ್ಲಿ ಗುಂಡಿನ ಗಾತ್ರ ಇತ್ತು, ಹಣ ಇತ್ತು, ಕಾರ್ಖಾನೆಯ ಹೆಸರಿತ್ತು. ನಾನು ಹುಡುಕಿದ್ದು ನಳಿಗೆಯ ಬಗ್ಗೆ ಒಂದು ಸಾಲು. ಸೈನ್ಯದಲ್ಲಿರುವ ನನ್ನ ಸೋದರಳಿಯ ರಜೆಗೆ ಬಂದಾಗ ಒಂದೇ ಪ್ರಶ್ನೆ ಕೇಳಿದೆ. ಅವನು ಕೆಲಸದ ವಿಷಯ ಹೆಚ್ಚು ಮಾತನಾಡುವವನಲ್ಲ, ಅದು ಸರಿ ಕೂಡ. ‘ಹೊರುವವನು ಈಗಲೂ ಇದ್ದಾನೆ ಮಾವ’ ಎಂದಷ್ಟೇ ಹೇಳಿದ. ನನಗೆ ಅಷ್ಟು ಸಾಕಾಗಿತ್ತು.

ಮೊಮ್ಮಗ ಇಷ್ಟೆಲ್ಲ ಕೇಳಿಸಿಕೊಂಡು, ‘ಹಾಗಾದರೆ ಮುತ್ತಜ್ಜ ಗುಂಡು ಹೊಡೆಯುತ್ತಲೇ ಇರಲಿಲ್ಲವೇ?’ ಎಂದ. ಅಪ್ಪನನ್ನು ಊರಿನವರೂ ಹೀಗೆಯೇ ಕೇಳುತ್ತಿದ್ದರು. ಕಾಶ್ಮೀರದಲ್ಲಿ ಏನು ಮಾಡಿದಿರಿ ಎಂದರೆ ಅವರ ಉತ್ತರ ಯಾವಾಗಲೂ ಒಂದೇ: ‘ನಾನು ನಳಿಗೆ ಹೊತ್ತೆ.’ ನಮ್ಮ ಕಡೆ ಜನ ವೀರರ ಕಥೆ ಕೇಳಿ ಬೆಳೆದವರು, ಆ ಉತ್ತರ ಅವರಿಗೆ ಚಿಕ್ಕದಾಗಿ ಕೇಳಿಸುತ್ತಿತ್ತು. ಬಾಲ್ಯದಲ್ಲಿ ನನಗೂ ಹಾಗೆಯೇ ಕೇಳಿಸಿತ್ತು ಎಂದು ಹೇಳಿಕೊಳ್ಳಲು ಈಗ ನೋವಾಗುತ್ತದೆ.

ಅಪ್ಪನ ಎಡಗೈ ಅಂಗೈಯಲ್ಲಿ ಅಡ್ಡಲಾಗಿ ಒಂದು ಕಲೆ ಇತ್ತು. ನುಣುಪಾದ, ಗೆರೆಗಳಿಲ್ಲದ ಚರ್ಮ. ಒಲೆಗೆ ತಾಗಿದ್ದು ಎನ್ನುತ್ತಿದ್ದರು. 1984ರಲ್ಲಿ ನನ್ನ ಮದುವೆಗೆ ತಿರುನೆಲ್ವೇಲಿಯ ಕಡೆಯಿಂದ ಒಬ್ಬ ಹಿರಿಯರು ಬಂದರು. ಎರಡು ಬಸ್ ಬದಲಾಯಿಸಿ, ಕೈಯಲ್ಲಿ ಒಂದು ಚೀಲ ಬಾಳೆಹಣ್ಣು ಹಿಡಿದುಕೊಂಡು. ಅವರೇ ಅಪ್ಪನ ಗನ್ನಿನ ನಂಬರ್ ಒನ್. ಕುಟುಂಬದ ಮೂಲಮನೆಯಾದ ಐನ್‌ಮನೆಯ ಜಗಲಿಯಲ್ಲಿ ಅಪ್ಪನ ಪಕ್ಕ ಕೂತವರು ಮೊದಲು ಮಾಡಿದ ಕೆಲಸವೆಂದರೆ ಅಪ್ಪನ ಎಡಗೈ ಹಿಡಿದು ತಿರುಗಿಸಿ ನೋಡಿದ್ದು. ಅವರು ಹಿಂದಿ, ತಮಿಳು ಬೆರೆಸಿ ಹೇಳಿದ್ದು ನನಗೆ ಮಾತಿಗೆ ಮಾತು ನೆನಪಿದೆ.

1948ರ ಶರತ್ಕಾಲದ ಒಂದು ರಾತ್ರಿ. ಒಂದು ದಿಬ್ಬದ ಮೇಲೆ ಇವರ ಸೆಕ್ಷನ್. ಎರಡೂ ನಳಿಗೆಗಳನ್ನು ಸರದಿಯಲ್ಲಿ ಹಾಕಿ ತೆಗೆದು ನಡೆಯುತ್ತಿತ್ತು. ತೆಗೆದ ನಳಿಗೆಯನ್ನು ಹಿಮದ ಮೇಲೆ ಇಡುವಂತಿಲ್ಲ. ಚುಂಯ್ ಎಂದು ಹಬೆ ಏಳುತ್ತದೆ, ಇರುವ ಜಾಗ ತೋರಿಸಿಕೊಟ್ಟ ಹಾಗೆ. ಅಪ್ಪ ಎರಡು ಕಲ್ಲುಗಳನ್ನು ಸೇತುವೆಯಂತೆ ಇಟ್ಟುಕೊಂಡು ಅದರ ಮೇಲೆ ಮಲಗಿಸುತ್ತಿದ್ದರು, ಕೆಳಗಿನಿಂದಲೂ ಗಾಳಿ ಆಡುವಂತೆ. ನಡುರಾತ್ರಿಯ ಮೇಲೆ ಒಂದು ಗುಂಡಿನ ಚೂರು ಬಂದು ಗನ್ನಿನಲ್ಲಿದ್ದ ನಳಿಗೆಯ ಮರದ ಹಿಡಿಕೆ ಸೀಳಿ ಹಾರಿಹೋಯಿತು. ಹಿಡಿಯಲು ಏನೂ ಉಳಿಯಲಿಲ್ಲ, ಆ ನಳಿಗೆ ಕಾದು ಕೆಂಡವಾಗಿತ್ತು, ಎದುರಿನವರು ಹತ್ತಿರವಾಗುತ್ತಿದ್ದರು. ಅಪ್ಪ ತಲೆಯ ಉಣ್ಣೆ ಟೊಪ್ಪಿಗೆ ಕಿತ್ತು ಎಡಗೈಗೆ ಸುತ್ತಿಕೊಂಡು ನಳಿಗೆಯನ್ನೇ ಹಿಡಿದು ಎಳೆದರು. ಉಣ್ಣೆ ಸುಟ್ಟು ಚರ್ಮಕ್ಕೆ ಅಂಟಿತು. ಅವರು ಬಲಗೈಯಿಂದ ಇನ್ನೊಂದು ನಳಿಗೆ ಕೂರಿಸಿ, ನಟ್ ಬಿಗಿದು, ಮ್ಯಾಗಜೀನ್ ಹಾಕಿ, ಹೆಗಲು ತಟ್ಟಿದರು.

‘ಕೂಗಲಿಲ್ಲ. ಬೆಳಗಾದ ಮೇಲೆ ಅವನ ಕೈ ನೋಡಿದಾಗಲೇ ನನಗೆ ಗೊತ್ತಾದದ್ದು’ ಎಂದರು ಆ ಹಿರಿಯರು. ಅಪ್ಪ ತಲೆ ತಗ್ಗಿಸಿ, ಬಾಳೆಹಣ್ಣಿನ ಗೊನೆಯಿಂದ ಒಂದನ್ನು ಬಿಡಿಸಿ ಅವರ ಕೈಗಿಟ್ಟರು.

ಆರು ವಾರ ಆಸ್ಪತ್ರೆ. ಹಿಂದಿರುಗಿದಾಗ ಉಗ್ರಾಣದಲ್ಲಿ ಹಗುರ ಕೆಲಸ ಕೊಡುತ್ತೇವೆ ಎಂದರಂತೆ. ಅಪ್ಪ ಒಪ್ಪದೆ ಅದೇ ಗನ್ನಿನ ಎಡಗಡೆಗೇ ಹೋಗಿ ಮಲಗಿದರು.

ಏಕೆ ಎಂದು ಮೊಮ್ಮಗ ಕೇಳಿದ. ಅದೇ ಪ್ರಶ್ನೆಯನ್ನು ನಾನೂ ಆ ಮದುವೆಯ ರಾತ್ರಿ, ನೆಂಟರೆಲ್ಲ ಮಲಗಿದ ಮೇಲೆ, ಅಪ್ಪನನ್ನು ಕೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಆ ಹೊಸ ಹುಡುಗ ಬಿಸಿ ನಳಿಗೆಯನ್ನು ಹಿಮದ ಮೇಲೆ ಇಡುತ್ತಿದ್ದ.’